ಆರು ನಲವತ್ತರ ಬೆರಳು

ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ನಾನು ಪುಣೆಯ ಕೋಥರೂಡದ ಒಂದು ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ನಿಂತಿದ್ದೆ. ನೆಲಮಹಡಿಗೂ ಮೊದಲ ಮಹಡಿಗೂ ನಡುವೆ ಮೆಟ್ಟಿಲು ತಿರುಗುವ ಜಾಗ ಅದು. ಮೇಲೆ ಹಲ್ಲಿನ ದವಾಖಾನೆ. ನನ್ನ ಕೊನೆಯ ನಾಲ್ಕು ಹಲ್ಲುಗಳನ್ನು ತೆಗೆಸಿಕೊಂಡು ಆಗತಾನೇ ಇಳಿದಿದ್ದೆ. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದೆ, ಅಂದರೆ ವಸಡಿನಿಂದ ವಸಡಿಗೆ ಒತ್ತಿ ಹಿಡಿದಿದ್ದೆ. ತುಟಿ ಇನ್ನೂ ಜೋಮು ಹಿಡಿದಿತ್ತು.

ಮೆಟ್ಟಿಲು ಗುಡಿಸುವ ಹೆಂಗಸು ಆ ತಿರುವಿನಲ್ಲಿ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಳು. ತೊಡೆಯ ಮೇಲೆ ಒಂದು ಚಿಕ್ಕ ಡಬ್ಬಿ. ಬಲಗೈಯ ತೋರುಬೆರಳನ್ನು ಅದರೊಳಗೆ ಅದ್ದಿ ಬಾಯಿಗೆ ಒಯ್ದು ನಿಧಾನವಾಗಿ ವಸಡಿಗೆ ಉಜ್ಜುತ್ತಿದ್ದಳು. ಹುರಿದ ತಂಬಾಕಿನ ವಾಸನೆ ಬಂತು. ಮಶೇರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗಾಗುವತನಕ ಹುರಿದು ಪುಡಿ ಮಾಡಿ ಹಲ್ಲಿಗೆ ಹಚ್ಚಿಕೊಳ್ಳುವುದು ಇಲ್ಲಿಯ ಹೆಂಗಸರಲ್ಲೂ ನಮ್ಮ ಬೆಳಗಾವಿ ಕಡೆಯ ಹೆಂಗಸರಲ್ಲೂ ಹಳೆಯ ರೂಢಿ.

ಕಾಲು ಮುಂದೆ ಹೋಗಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತೆ. ಆಕೆ ನೋವು ಎಂದು ತಿಳಿದು ಡಬ್ಬಿ ನನ್ನ ಕಡೆ ಚಾಚಿ, ಸ್ವಲ್ಪ ಹಚ್ಚಿಕೊಳ್ಳಿ, ನಿಲ್ಲುತ್ತದೆ ಎಂದು ಮರಾಠಿಯಲ್ಲಿ ಹೇಳಿದಳು. ಬಾಯಲ್ಲಿ ಹತ್ತಿ ಇದ್ದದ್ದರಿಂದ ನಾನು ಕೈ ಆಡಿಸಿ ಬೇಡವೆಂದೆ. ಆದರೆ ಕಾಲು ತಡೆದದ್ದು ನೋವಿನಿಂದಲ್ಲ. ಹದಿನಾಲ್ಕು ವರ್ಷದ ಹಿಂದೆ ಇದೇ ತಿರುವಿನಲ್ಲಿ, ಇದೇ ಗೋಡೆಯ ಪಕ್ಕ ನಿಂತು, ನಾನು ಒಬ್ಬರಿಗೆ ಕೊಟ್ಟ ಮಾತನ್ನು ಮುರಿದಿದ್ದೆ...

ಅವರು ನಮ್ಮ ಎದುರು ಮನೆಯವರು. ನಮ್ಮ ವಸತಿ ಸೊಸೈಟಿಯಲ್ಲಿ ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಬೈಲಹೊಂಗಲ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದು ಐವತ್ನಾಲ್ಕು ವರ್ಷವಾಗಿತ್ತು. ಮರಾಠಿಯನ್ನು ಕನ್ನಡದ ಧಾಟಿಯಲ್ಲೂ ಕನ್ನಡವನ್ನು ತಮ್ಮ ಊರಿನ ಧಾಟಿಯಲ್ಲೂ ಆಡುತ್ತಿದ್ದರು. ಮನೆಯಲ್ಲಿ ಅವರ ಯಜಮಾನರು, ನಾವು ಕಾಕಾ ಎನ್ನುತ್ತಿದ್ದವರು, ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ ಸೊಸೆ ಸುನಂದಾ, ಒಬ್ಬಳು ಮೊಮ್ಮಗಳು. ಮಗ ಇಂದಾಪುರದ ಹತ್ತಿರ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ವಾರದ ಕೊನೆಗೆ ಬರುತ್ತಿದ್ದ.

ಕಾಕು ಹೆಸರಾದದ್ದು ಒಡಪಿಗೆ. ಮದುವೆಯಲ್ಲಿ ಹೊಸ ಹೆಣ್ಣುಮಗಳು ಹೊಸ್ತಿಲು ದಾಟುವ ಮೊದಲು ಹೆಂಗಸರು ಅಡ್ಡ ನಿಂತು ಗಂಡನ ಹೆಸರು ಕೇಳುತ್ತಾರೆ. ಬರಿಯ ಹೆಸರು ಹೇಳಿದರೆ ಬಿಡುವುದಿಲ್ಲ. ಎರಡು ಮೂರು ಸಾಲಿನ ಪದ್ಯ ಕಟ್ಟಿ, ಕೊನೆಗೆ ಹೆಸರು ಕೂಡಿಸಿ ಹೇಳಬೇಕು. ಕೋಥರೂಡದ ಕನ್ನಡದ ಮನೆಗಳಲ್ಲಿ ಮದುವೆ ನಿಶ್ಚಯವಾದ ಹುಡುಗಿಯರು ಕಾಕು ಹತ್ತಿರ ಬಂದು ಒಡಪು ಕಟ್ಟಿಸಿಕೊಂಡು ಹೋಗುತ್ತಿದ್ದರು. ಅತ್ತೆ ಮನೆ ಮರಾಠಿಯವರಾದರೆ ಮರಾಠಿಯಲ್ಲೂ ಒಂದು ಕಟ್ಟಿಕೊಡುತ್ತಿದ್ದರು. ತಮ್ಮ ಯಜಮಾನರ ಹೆಸರಿನ ಒಡಪುಗಳಂತೂ ಎಷ್ಟು ಕಟ್ಟಿದ್ದರೋ. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿದ್ದು ನಾನು ಕೇಳಿಲ್ಲ.

ಆ ವರ್ಷ ಮೊಮ್ಮಗಳ ಮದುವೆ ಮಾರ್ಗಶಿರಕ್ಕೆ ನಿಶ್ಚಯವಾಯಿತು. ಅದೇ ಹೊತ್ತಿಗೆ ಕಾಕು ಬಾಯಲ್ಲಿ ಉಳಿದಿದ್ದ ಹನ್ನೊಂದು ಹಲ್ಲುಗಳೂ ಅಲುಗಾಡುತ್ತಿದ್ದವು. ಮಾತಾಡಿದರೆ ಒಂದು ಈ ಕಡೆ, ಒಂದು ಆ ಕಡೆ. ಎಲ್ಲ ತೆಗೆಸಿ ಹೊಸ ಸೆಟ್ ಹಾಕಿಸುವುದೆಂದು ಮನೆಯವರು ಗೊತ್ತುಮಾಡಿದರು. ಇದೇ ದವಾಖಾನೆಯ ಡಾಕ್ಟರಬಾಯಿ ಮೂರು ಸರ್ತಿಗೆ ತೆಗೆದರು. ಕೊನೆಯದು ಗಣೇಶ ಚೌತಿಗೆ ಎಂಟು ದಿನ ಮುಂಚೆ. ಹಲ್ಲು ಕಿತ್ತ ಕುಳಿಗಳು ತುಂಬಬೇಕು, ಬಾತದ್ದು ಇಳಿಯಬೇಕು, ವಸಡು ಗಟ್ಟಿಯಾಗಿ ಒಂದು ಆಕಾರಕ್ಕೆ ನಿಲ್ಲಬೇಕು, ಆಮೇಲೆಯೇ ಅಳತೆ, ಅದಕ್ಕೆ ಹತ್ತು ವಾರವಾದರೂ ಬೇಕು ಎಂದು ಹೇಳಿ ಕಳಿಸಿದರು. ಕಾಕು ಬೆರಳು ಮಡಿಚಿ ಎಣಿಸಿದರು. ಮದುವೆಗೆ ಹದಿನೈದು ವಾರವಿತ್ತು.

"ಆಗ್ತದ, ಆಗ್ತದ," ಎಂದರು. "ಹಲ್ಲಿಲ್ಲದ ಬೊಚ್ಚು ಬಾಯಿಲೆ ಮಾತ್ರ ನಾ ಹೆಸರು ಹೇಳಂಗಿಲ್ಲ ನೋಡ್ರಿ. ಹೆಸರು ಅಂದ್ರ ಖಣ್ ಅನ್ನಬೇಕು."

ನಾನು ಆಗ ದೇಹೂ ರೋಡಿನ ಒಂದು ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ಬಂದ ಸಾಮಾನು, ಹೋದ ಸಾಮಾನು, ಹೊತ್ತು ಬರೆಯುವುದು ಕೆಲಸ. ಅದರಿಂದ ಹೊತ್ತು ನೋಡಿಕೊಳ್ಳುವ ಅಭ್ಯಾಸ ಅಂಟಿಕೊಂಡಿತ್ತು. ಏಳೂಕಾಲಿಗೆ ಮನೆ ಬಿಡುವ ಮೊದಲು ಹಿಂದಿನ ಬಾಲ್ಕನಿಯ ಕುಂಡಗಳಿಗೆ ನೀರು ಹಾಕುತ್ತಿದ್ದೆ. ಪಾತ್ರೆ ತೊಳೆಯಲು, ಬಟ್ಟೆ ಒಣಗಿಸಲು ಮಾಡಿದ ಆ ಚಿಕ್ಕ ಬಾಲ್ಕನಿಗಳು ನಮ್ಮ ಕಟ್ಟಡದಲ್ಲಿ ಎದುರುಬದುರಾಗಿವೆ. ನಡುವೆ ಎಂಟು ಅಡಿ ಖಾಲಿ ಜಾಗ.

ಗಣಪತಿ ಮುಳುಗಿಸಿದ ಮರುದಿನ ಬೆಳಿಗ್ಗೆ ಆರು ನಲವತ್ತಕ್ಕೆ ನಾನು ನೀರಿನ ಚೊಂಬು ಹಿಡಿದು ಅಲ್ಲಿ ನಿಂತಾಗ ಎದುರಿನಿಂದ ಹೊಗೆ ಬಂತು. ಕಾಕು ಒಂದು ಒಡೆದ ಹಂಚನ್ನು ಚಿಕ್ಕ ಒಲೆಯ ಮೇಲಿಟ್ಟು ತಂಬಾಕು ಹುರಿಯುತ್ತಿದ್ದರು. ಪಕ್ಕದಲ್ಲಿ ಎರಡು ಊದಿನಕಡ್ಡಿ ಹಚ್ಚಿದ್ದರು, ವಾಸನೆ ಮರೆಸಲು. ಸುನಂದಾ ವೈನಿ ಆ ಹೊತ್ತಿಗೆ ಹಾಲು ತರಲು ಕೆಳಗೆ ಹೋಗುತ್ತಿದ್ದರು. ಕಾಕಾ ಮುಂದಿನ ಕೋಣೆಯಲ್ಲಿ ಪೇಪರ್ ಹಿಡಿದಿರುತ್ತಿದ್ದರು. ಕಾಕು ತಲೆ ಎತ್ತಿ ನನ್ನನ್ನು ನೋಡಿದರು. ಗಾಬರಿಯಾಗಲಿಲ್ಲ.

"ನೋಡಿದೇನು ತಮ್ಮಾ? ನೋಡಿದ್ರ ನೋಡಿದಿ. ಮನ್ಯಾಗ ಹೇಳಬ್ಯಾಡ."

"ಡಾಕ್ಟರು ಬ್ಯಾಡ ಅಂದಿರಬೇಕಲ್ರಿ ಕಾಕು."

"ಡಾಕ್ಟರಬಾಯಿ ಏನಂದಾಳ? ವಸಡು ಗಟ್ಟಿ ಆಗಲಿ, ಆಮ್ಯಾಲೆ ಅಳತಿ ತಗೋತೀನಿ ಅಂದಾಳ. ಮಶೇರಿಗಿಂತ ವಸಡು ಗಟ್ಟಿ ಮಾಡೂದು ಯಾವುದದ, ನೀನ ಹೇಳು. ಲಗ್ನಕ್ಕ ದಿನಾ ಎಲ್ಲಿ ಉಳದಾವ? ಅದಕ್ಕ ಈಗ ಸಂಜೀಕೂ ಹಚ್ಚಲಿಕ್ಕತ್ತೀನಿ."

ಚೊಚ್ಚಲ ಮಗ ಹುಟ್ಟಿದಾಗ ಹಲ್ಲುನೋವು ಬಂದು ಅತ್ತೆಯೇ ಕೈಗೆ ಡಬ್ಬಿ ಕೊಟ್ಟರಂತೆ. ಅಂದಿನಿಂದ ಬಿಟ್ಟಿಲ್ಲ; ಹಲ್ಲು ಕೀಳಿಸುವ ಮುಂಚೆಯೇ ಬಿಟ್ಟಿದ್ದಾರೆಂದು ಮನೆಯವರು ನಂಬಿದ್ದರು. ಅದು ಚಟ ಎಂದು ಅವರಿಗೆ ಅನಿಸಿಯೇ ಇರಲಿಲ್ಲ; ಅದು ಬಾಯಿಯ ಔಷಧಿ. ಮೊಮ್ಮಗಳ ಮದುವೆಗೆ ಬೇಗ ವಾಸಿಯಾಗಲೆಂದು, ಹಸಿ ಗಾಯಕ್ಕೆ, ದಿನಕ್ಕೆ ಎರಡು ಹೊತ್ತು, ಶ್ರದ್ಧೆಯಿಂದ ತಂಬಾಕು ತಿಕ್ಕುತ್ತಿದ್ದರು.

"ಆಣಿ ಮಾಡು," ಎಂದರು. ನಾನು ನಕ್ಕೆ. "ಹೇಳೂದಿಲ್ರಿ," ಎಂದೆ. ಹಿರಿಯರು ಕೇಳಿದರು, ನಾನು ಮಾತು ಕೊಟ್ಟೆ. ಇಷ್ಟೇ. ಅದರಲ್ಲಿ ಏನೂ ದೊಡ್ಡದು ಕಾಣಲಿಲ್ಲ. ಇಪ್ಪತ್ತೇಳು ದಿನ ನಾನು ಬೆಳಿಗ್ಗೆ ಆರು ನಲವತ್ತಕ್ಕೆ ಕುಂಡಕ್ಕೆ ನೀರು ಹಾಕಿದೆ, ಅವರು ವಸಡಿಗೆ ಬೆರಳು ಹಾಕಿದರು.

ದಸರಾ ಮುಗಿದ ಶನಿವಾರ ಕಾಕುವನ್ನು ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಮಗ ಆ ವಾರ ಬಂದಿರಲಿಲ್ಲ. ರಜೆಯಲ್ಲಿದ್ದ ನನ್ನನ್ನು ಜೊತೆಗೆ ಬರಲು ವೈನಿ ಕೇಳಿದರು. ಮೂವರೂ ರಿಕ್ಷಾದಲ್ಲಿ ಹೋದೆವು. ಕಾಕು ಅಳತೆ ಕೊಡುವ ಉತ್ಸಾಹದಲ್ಲಿ ಇಳಕಲ್ಲ ಸೀರೆ ಉಟ್ಟಿದ್ದರು.

ಡಾಕ್ಟರಬಾಯಿ ದೀಪ ಹಾಕಿ ನೋಡಿದರು. ಬಹಳ ಹೊತ್ತು ನೋಡಿದರು. ಕನ್ನಡಿ ಹಿಡಿದು ವೈನಿಗೂ ನನಗೂ ತೋರಿಸಿದರು. ಮೇಲಿನ ವಸಡು ಮುಕ್ಕಾಲು ಪಾಲು ಕೂಡಿಕೊಂಡು ತೆಳು ಗುಲಾಬಿ ಬಣ್ಣಕ್ಕೆ ಬಂದಿತ್ತು. ಕೆಳಗೆ ಬಲಗಡೆ, ದವಡೆ ಹಲ್ಲಿದ್ದ ಜಾಗದಲ್ಲಿ, ಎರಡು ಕುಳಿಗಳು ಇನ್ನೂ ಬಾಯಿ ತೆರೆದೇ ಇದ್ದವು. ಅಂಚು ಕೆಂಪಗಿತ್ತು. ಅದರ ಪಕ್ಕದಲ್ಲಿ ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಳಿ ಮಚ್ಚೆ. ಒರೆಸಿದರೆ ಹೋಗಲಿಲ್ಲ. ಏಳು ವಾರಕ್ಕೆ ಹೀಗಿರಬಾರದು ಎಂದರು. ತಂಬಾಕು ಏನಾದರೂ ಇದೆಯೇ ಎಂದು ಮರಾಠಿಯಲ್ಲಿ ಕೇಳಿದರು.

"ನಾಹೀ," ಎಂದರು ಕಾಕು. ಹಾಗೆಂದು ನನ್ನನ್ನು ನೋಡಿದರು. ನಾನು ಗೋಡೆಯ ಮೇಲೆ ಹಲ್ಲುಜ್ಜುವ ವಿಧಾನ ತೋರಿಸುವ ಚಿತ್ರವನ್ನು ನೋಡಿದೆ. ಅದರಲ್ಲಿ ಆರು ಚಿತ್ರಗಳಿದ್ದವು. ಇಂದಿಗೂ ಒಂದೊಂದೂ ನೆನಪಿದೆ.

ಡಾಕ್ಟರಬಾಯಿ ಕಾಕುವನ್ನು ಕುರ್ಚಿಯಲ್ಲೇ ಕೂರಿಸಿ ನಮ್ಮಿಬ್ಬರನ್ನು ಹೊರಗೆ ಕರೆದರು. ಕಾರಣ ತಿಳಿಯುತ್ತಿಲ್ಲ, ಹಾಗಾಗಿ ಕಾಯುವುದು ಬೇಡ, ಮಚ್ಚೆಯಿದ್ದ ಕಡೆ ಒಂದು ಚಿಕ್ಕ ತುಂಡು ತೆಗೆದು ತಪಾಸಣೆಗೆ ಕಳಿಸೋಣ, ಎಂದರು. ಯಾವ ರೋಗದ ತಪಾಸಣೆ ಎಂದು ವೈನಿ ಕೇಳಲಿಲ್ಲ. ಮೆಟ್ಟಿಲಿಳಿದರು. ನಾನು ಹಿಂದೆ ಹೋದೆ. ಈ ತಿರುವಿನಲ್ಲಿ ಅವರು ಗೋಡೆಗೆ ಆತು ನಿಂತರು.

"ನಾನ ಬಿಸಿ ಬಿಸಿ ತಿನ್ನಿಸಿದ್ನೋ ಏನೋ," ಎಂದರು. "ಉಪ್ಪಿನ ನೀರು ಕಡಿಮಿ ಆತೋ ಏನೋ. ಎಲ್ಲಿ ತಪ್ಪಿದೆ ನಾ?"

ಅವರು ತಪ್ಪಿರಲಿಲ್ಲ. ದಿನಕ್ಕೆ ನಾಲ್ಕು ಸಲ ಉಗುರು ಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಕೊಡುತ್ತಿದ್ದದ್ದು ನನಗೆ ಗೊತ್ತಿತ್ತು. ಅನ್ನ ಮೆತ್ತಗೆ ಕಿವುಚಿ ಆರಿಸಿ ಕೊಡುತ್ತಿದ್ದದ್ದೂ ಗೊತ್ತಿತ್ತು. ಇನ್ನೊಂದು ಸಂಗತಿ ನನಗೆ ಮಾತ್ರ ಗೊತ್ತಿತ್ತು. ಅದನ್ನು ಹೇಳಿದೆ. ಎಷ್ಟು ದಿನದಿಂದ ಎಂದು ಕೇಳಿದರು. ಇಪ್ಪತ್ತೇಳು ದಿನದಿಂದ ನಾನು ನೋಡಿದ್ದೇನೆ ಎಂದೆ. ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಮತ್ತೆ ಮೇಲೆ ಹೋಗಿ ಡಾಕ್ಟರಬಾಯಿಗೆ ಕಾಕು ಎದುರಿಗೇ ಹೇಳಿದೆ. ಡಾಕ್ಟರಬಾಯಿ ಸಿಟ್ಟಾಗಲಿಲ್ಲ. ಕಾಕುವಿನ ಬಲಗೈ ತೋರುಬೆರಳನ್ನು ಹಿಡಿದು ದೀಪದ ಕೆಳಗೆ ತಂದರು. ಉಗುರಿನ ಸಂದಿಯಲ್ಲಿ ಕಪ್ಪು ಗೆರೆ ಇತ್ತು. ಕಾರಣ ಸಿಕ್ಕಿತಲ್ಲ, ದೀಪಾವಳಿ ಮುಗಿಯುವತನಕ ನೋಡೋಣ, ತಂಬಾಕು ಪೂರ್ತಿ ನಿಂತರೆ ಈ ಮಚ್ಚೆ ತಾನೇ ಹೋಗಬಹುದು, ಹೋಗದಿದ್ದರೆ ತುಂಡು ತೆಗೆಯಲೇಬೇಕು, ಎಂದರು. ಆಮೇಲೆ ಸ್ವಲ್ಪ ಯೋಚಿಸಿ ಇನ್ನೊಂದು ಮಾತು ಹೇಳಿದರು. ಇಷ್ಟು ವರ್ಷ ಕೆಲಸ ಮಾಡಿದ ಬೆರಳನ್ನು ಒಮ್ಮೆಲೇ ಸುಮ್ಮನೆ ಕೂರಿಸಿದರೆ ಅದು ಡಬ್ಬಿ ಹುಡುಕುತ್ತದೆ. ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂರಲಿ. ಬೆರಳನ್ನು ಸೋಪಿನಿಂದ ತೊಳೆಯಲಿ. ಬಿಳಿ ಮಚ್ಚೆಯನ್ನೂ ಕುಳಿಗಳನ್ನೂ ಬಿಟ್ಟು, ಕೂಡಿದ ವಸಡನ್ನು ಬರಿಯ ಬೆರಳಿನಿಂದ ಮೆಲ್ಲಗೆ ತಿಕ್ಕಲಿ. ವಸಡಿಗೆ ಅದು ಒಳ್ಳೆಯದೇ.

ರಿಕ್ಷಾದಲ್ಲಿ ಬರುವಾಗ ಕಾಕು ಮುಖ ಹೊರಗೆ ತಿರುಗಿಸಿ ಕೂತಿದ್ದರು. ಆಮೇಲೆ ರಸ್ತೆ ನೋಡುತ್ತಲೇ ಹೇಳಿದರು.

"ಹಲ್ಲಿರೋ ಬಾಯಿ ಮುಚ್ಚಂಗಿಲ್ಲ ಅನ್ನೂದು ಇವತ್ತ ಗೊತ್ತಾತ್ರಿ ಸಾಹೇಬ್ರ."

ಅಲ್ಲಿಯತನಕ ನಾನು ತಮ್ಮ ಆಗಿದ್ದೆ. ಅಂದು ಸಾಹೇಬನಾದೆ. ಎಂಟು ದಿನ ಹಾಗೇ ಇದ್ದೆ. ಬೆಳಿಗ್ಗೆ ನಾನು ನೀರು ಹಾಕಲು ಬಂದರೆ ಅವರು ಎದ್ದು ಒಳಗೆ ಹೋಗುತ್ತಿದ್ದರು. ಅವರು ಮಶೇರಿ ಬಿಟ್ಟರೋ, ಜಾಗ ಬದಲಿಸಿದರೋ ನನಗೆ ತಿಳಿಯಲಿಲ್ಲ. ಉಗ್ರಾಣದಲ್ಲಿ ಕೂತು ಸಾಮಾನು ಬರೆಯುವಾಗ ಆ ಬಿಳಿ ಮಚ್ಚೆ ಕಾಗದದ ಮೇಲೆ ಕಾಣುತ್ತಿತ್ತು. ಮೊದಲ ದಿನವೇ ಹೇಳಿದ್ದರೆ... ಎನ್ನುವುದನ್ನು ನಾನು ಎಷ್ಟು ಸಲ ಅಂದುಕೊಂಡೆನೋ.

ಒಂಬತ್ತನೆಯ ದಿನ, ಆರು ನಲವತ್ತಕ್ಕೆ, ಕಾಕು ಎದ್ದು ಹೋಗಲಿಲ್ಲ. ನಲ್ಲಿಯ ಕೆಳಗೆ ಕೈ ತೊಳೆದರು. ಸೆರಗಿನಿಂದ ಒರೆಸಿದರು. ತೋರುಬೆರಳನ್ನು ಮೇಲೆತ್ತಿ ನನ್ನ ಕಡೆ ಹಿಡಿದರು. ಮೊದಲು ಒಳಮೈ, ಆಮೇಲೆ ತಿರುಗಿಸಿ ಉಗುರು. ಉಗುರಿನ ಸಂದಿ ಬೆಳ್ಳಗಿತ್ತು.

"ನೋಡು. ಸ್ವಚ್ಛ ಅದನೋ ಇಲ್ಲೋ?"

"ಅದರಿ."

"ನಿನ್ನ ರಜಿಸ್ಟರದಾಗ ಬರಕೋ ಮತ್ತ. ನಾಳೆ ಇಲ್ಲ ಅಂದೀಗೀಂದಿ." ಹಾಗೆಂದು ಬೆರಳನ್ನು ಬಾಯೊಳಗೆ ಹಾಕಿದರು. ಮೆಲ್ಲಗೆ, ಎಡದಿಂದ ಬಲಕ್ಕೆ, ಹೇಳಿದ ಜಾಗ ಬಿಟ್ಟು. ಮುಗಿದ ಮೇಲೆ ಅಂದರು, "ಸಪ್ಪಗ ಅದ ತಮ್ಮಾ. ಭಾಳ ಸಪ್ಪಗ ಅದ."

ತಮ್ಮಾ ಎಂದರು. ನಾನು ಕುಂಡಕ್ಕೆ ಇನ್ನೊಂದು ಚೊಂಬು ನೀರು ಹಾಕಿದೆ, ಬೇಡದಿದ್ದರೂ.

ಅಂದಿನಿಂದ ದಿನವೂ ಅದೇ. ಬೆರಳು ಮೇಲೆ, ಒಳಮೈ, ಉಗುರು. ನಾನು ತಲೆ ಆಡಿಸಿದ ಮೇಲೆಯೇ ಬಾಯಿಗೆ. ಒಂದು ದಿನ ನನಗೆ ಏಳುವುದು ತಡವಾಯಿತು. ಬಂದು ನೋಡಿದರೆ ಕಾಕು ತೊಳೆದ ಬೆರಳನ್ನು ಎತ್ತಿ ಹಿಡಿದೇ ಕೂತಿದ್ದರು. "ಎಷ್ಟೊತ್ತಾತು? ಕೈ ಸೋತು ಹೋತು," ಎಂದರು.

ದೀಪಾವಳಿ ಮುಗಿದ ಮೇಲೆ ಹೋದಾಗ ಡಾಕ್ಟರಬಾಯಿ ಕನ್ನಡಿ ಹಿಡಿದು ನನ್ನನ್ನೇ ಮೊದಲು ಕರೆದರು. ಮಚ್ಚೆ ಇರಲಿಲ್ಲ. ಎರಡು ಕುಳಿಗಳೂ ತಳದಿಂದ ತುಂಬಿ ಬಂದಿದ್ದವು. ಮೇಲೆ ಬರಿಯ ತಗ್ಗಿನ ಗುರುತು ಉಳಿದಿತ್ತು. ಇನ್ನು ತುಂಡು ತೆಗೆಯುವುದು ಬೇಡ ಎಂದರು. ಆದರೆ ಆ ಕಡೆಯ ವಸಡು ಇನ್ನೂ ಹಸಿ. ಅಳತೆ ಈಗಲೇ ತೆಗೆದರೆ ಸೆಟ್ ಕೂರುವುದಿಲ್ಲ, ಇನ್ನೂ ಮೂರು ನಾಲ್ಕು ವಾರ ಬೇಕು. ಅಂದರೆ ಮದುವೆಗೆ ಹಲ್ಲು ಬರುವುದಿಲ್ಲ. ವೈನಿ ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತರು, ನಗುತ್ತಲೇ. ಕಾಕು ಮಾತ್ರ ಡಾಕ್ಟರಬಾಯಿಯ ಕೈಯಿಂದ ಕನ್ನಡಿ ಇಸಿದುಕೊಂಡು ತಮ್ಮ ಬಾಯನ್ನು ತಾವೇ ನೋಡಿಕೊಂಡರು.

"ಕೂಸಿನ ಬಾಯಿ ಆಗೇದ," ಎಂದರು.

ಮದುವೆಯ ದಿನ ಸಂಜೆ, ಹುಡುಗನ ಮನೆಯ ಹೊಸ್ತಿಲಲ್ಲಿ, ಹೆಂಗಸರು ಅಡ್ಡ ನಿಂತರು. ಮೊಮ್ಮಗಳು ಬಹಳ ಜಾಣೆ. ಅಜ್ಜಿ ಮೊದಲು ಹೇಳಲಿ, ಆಮೇಲೆ ತಾನು ಎಂದು ಹಟ ಹಿಡಿದಳು. ಕಾಕು ಬೆಳಗಿನಿಂದ ಸೆರಗನ್ನು ಬಾಯಿಯಿಂದ ತೆಗೆದಿರಲಿಲ್ಲ. ಒಲ್ಲೆ ಎಂದು ತಲೆ ಆಡಿಸಿದರು. ಎರಡು ಸಲ ಆಡಿಸಿದರು. ನಾನು ಬಾಗಿಲಿನಿಂದ ಆರು ಹೆಜ್ಜೆ ದೂರ, ಚಪ್ಪಲಿಗಳ ಹತ್ತಿರ ಕಾಕಾ ಜೊತೆ ನಿಂತಿದ್ದೆ. ಕಾಕು ನಮ್ಮ ಕಡೆ ನೋಡಿದರು. ಸೆರಗು ಇಳಿಸಿದರು.

"ಬಾಯಾಗ ಹಲ್ಲಿಲ್ಲ, ರೊಟ್ಟಿ ಕಡೀಲಿಕ್ಕೆ ಬರಂಗಿಲ್ಲ,
ಹಾಲಾಗ ನೆನಸಿ ತಿಂದ್ರ ಯಾರೂ ಬ್ಯಾಡ ಅನ್ನಂಗಿಲ್ಲ,
ಐವತ್ನಾಕು ವರ್ಷ ಹೇಳಿದ್ರೂ ಈ ಹೆಸರಿಗೆ ಬ್ಯಾಸರಿಲ್ಲ..."

ಆಮೇಲೆ ಹೆಸರು ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ; ಅದು ಅವರು ಹೇಳಬೇಕಾದದ್ದು. ಖಣ್ ಎನ್ನಲಿಲ್ಲ. ಅಕ್ಷರಗಳು ವಸಡಿನ ಮೇಲೆ ಜಾರಿ, ಮೆತ್ತಗಾಗಿ ಹೊರಬಂದವು.

"ಕೇಳಸಲಿಲ್ಲ," ಎಂದು ಹಿಂದಿನಿಂದ ಕೂಗಿದರು ಕಾಕಾ. "ಇನ್ನೊಮ್ಮೆ ಹೇಳು."

ಹೆಂಗಸರೆಲ್ಲ ನಕ್ಕರು. ಕಾಕು ಇನ್ನೊಮ್ಮೆ ಹೇಳಿದರು, ಮೊದಲಿಗಿಂತ ದೊಡ್ಡದಾಗಿ. ಕಾಕಾನ ಕಿವಿ ಚೆನ್ನಾಗಿತ್ತು. ನಾನು ಪಕ್ಕದಲ್ಲೇ ಇದ್ದೆ. ಮೊದಲ ಸಲವೇ ಅವರು ಕಣ್ಣು ಒರೆಸಿಕೊಂಡದ್ದನ್ನು ನೋಡಿದ್ದೆ.

ಹಲ್ಲಿನ ಸೆಟ್ ಮದುವೆಯಾಗಿ ಎಂಟು ದಿನಕ್ಕೆ ಬಂತು. ಚೆನ್ನಾಗಿ ಕೂತಿತು. ಕಾಕು ಅದನ್ನು ಹೊರಗೆ ಹೋಗುವಾಗ ಮಾತ್ರ ಹಾಕುತ್ತಿದ್ದರು. ಉಳಿದ ಹೊತ್ತು ಅದು ಸ್ಟೀಲ್ ಬಟ್ಟಲಿನ ನೀರಿನಲ್ಲಿ ಇರುತ್ತಿತ್ತು. ಬೆಳಗಿನ ಬೆರಳು ಮಾತ್ರ ನಿಲ್ಲಲಿಲ್ಲ. ನಾನು ನಿವೃತ್ತನಾದ ಮೇಲೂ, ಏಳೂಕಾಲಿಗೆ ಹೊರಡುವ ಅವಸರ ಇಲ್ಲದಿದ್ದರೂ, ಆರು ನಲವತ್ತಕ್ಕೆ ಅಲ್ಲಿ ನಿಂತಿರುತ್ತಿದ್ದೆ.

ಕಾಕಾ ಮೊದಲು ಹೋದರು. ಕಾಕು ಎರಡು ವರ್ಷದ ಮೇಲೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಬಾಯಿಯಲ್ಲಿ ಏನೂ ರೋಗವಿರಲಿಲ್ಲ. ಒಯ್ಯುವ ಮೊದಲು ವೈನಿ ಬಟ್ಟಲು ಹಿಡಿದು ನನ್ನ ಹತ್ತಿರ ಬಂದು ಕೇಳಿದರು, "ಹಲ್ಲು ಹಾಕೋಣೋ ಬ್ಯಾಡೋ?" ಬೇಡವೆಂದೆ. ಆ ಮುಖ ಹೊಸ್ತಿಲಲ್ಲಿ ಸೆರಗು ಇಳಿಸಿದಾಗಿನ ಹಾಗೇ ಇತ್ತು. ಹಾಗೇ ಕಳಿಸಿದೆವು. ಅದಾಗಿ ನಾಲ್ಕು ವರ್ಷ.

ಸೋಮವಾರ ಇಷ್ಟೆಲ್ಲ ನೆನೆದು ಮನೆಗೆ ಬಂದೆ. ನನ್ನ ಹಿಂದಿನ ಸರ್ತಿಗಳ ಕುಳಿಗಳು ಆಗಲೇ ಕೂಡಿಕೊಂಡಿವೆ. ಅದೇ ಡಾಕ್ಟರಬಾಯಿ, ಈಗ ತಲೆ ಬೆಳ್ಳಗಾಗಿದೆ. ಕೂಡಿದ ಕಡೆ ಬೆರಳಿನಿಂದ ತಿಕ್ಕಿರಿ, ಹೊಸ ಗಾಯ ಮುಟ್ಟಬೇಡಿ, ಹತ್ತು ವಾರದ ಮೇಲೆ ಅಳತೆಗೆ ಬನ್ನಿ, ಎಂದಿದ್ದಾರೆ. ನೋವು ಹೆಚ್ಚಿಲ್ಲ. ಗಂಜಿ ಸೇರುತ್ತದೆ.

ಇವತ್ತು ಬೆಳಿಗ್ಗೆ ಆರು ನಲವತ್ತಕ್ಕೆ ಹಿಂದಿನ ಬಾಲ್ಕನಿಯಲ್ಲಿ ಕೈ ತೊಳೆದೆ. ತೊಳೆದು ಒರೆಸಿದ ಮೇಲೆ ಬೆರಳು ತಾನಾಗಿಯೇ ಮೇಲೆದ್ದಿತು, ಎದುರಿನ ಖಾಲಿ ಬಾಲ್ಕನಿಯ ಕಡೆಗೆ. ಅಲ್ಲಿ ಈಗ ಒಂದು ಬಟ್ಟೆ ಒಣಗಿಸುವ ಹಗ್ಗ ಇದೆ. ಹಗ್ಗದ ಮೇಲಿದ್ದ ಚಾದರ ಸರಿಯಿತು. ಹಿಂದೆ ಸುನಂದಾ ವೈನಿ ನಿಂತಿದ್ದರು. ನಾನು ನಾಚಿ ಕೈ ಇಳಿಸಲು ಹೋದೆ.

"ಇಳಸಬ್ಯಾಡ್ರಿ," ಎಂದರು. "ಉಗುರು ತೋರಸ್ರಿ."

ತಿರುಗಿಸಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಸ್ವಚ್ಛ ಅದರಿ," ಎಂದರು.

ದಸರಾ ಮುಗಿದ ಆ ಶನಿವಾರ ದವಾಖಾನೆಯಿಂದ ಬಂದ ಮರುದಿನದಿಂದಲೇ ವೈನಿ ಹಾಲು ತರಲು ಕೆಳಗೆ ಹೋಗುವುದನ್ನು ನಿಲ್ಲಿಸಿ, ಹಾಲನ್ನು ಮನೆಗೇ ತರಿಸಿಕೊಳ್ಳುತ್ತಿದ್ದರಂತೆ. ಆರೂವರೆಯಿಂದ ಏಳರತನಕ ಅಡುಗೆಮನೆಯ ಕಿಟಕಿಯ ಹಿಂದೆ ನಿಂತಿರುತ್ತಿದ್ದರಂತೆ. ಇದನ್ನು ಇವತ್ತು ಹೇಳಿದರು. ಆ ಬೆರಳನ್ನು ನೋಡುತ್ತಿದ್ದವನು ನಾನೊಬ್ಬನೇ ಎಂದು ಹದಿನಾಲ್ಕು ವರ್ಷ ತಿಳಿದಿದ್ದೆ. ಹಾಗಲ್ಲ. ಸುನಂದಾ ವೈನಿಯೂ ದಿನವೂ ನೋಡಿದ್ದಾರೆ. ಅವರು ಇದ್ದಾರೆ, ಎದುರು ಮನೆಯಲ್ಲಿ.